ಮರಳಿನ ಡಬ್ಬ ಬಿಟ್ಟು ಹಾಸಿಗೆ ಹಿಡಿದ ಬೆಕ್ಕು

ಪ್ರಶ್ನೆ: ಡಾಕ್ಟರೇ, ನಮ್ಮದು ಕಾರವಾರದ ಕೋಡಿಬಾಗದಲ್ಲಿ ಎರಡನೇ ಮಹಡಿಯ ಫ್ಲ್ಯಾಟು. ಐದು ವರ್ಷದ ಗಂಡು ಬೆಕ್ಕು ಗುಂಡ ಮರಿಯಿದ್ದಾಗಿನಿಂದ ನಮ್ಮಲ್ಲೇ ಬೆಳೆದವನು, ಸಂತಾನಹರಣ ಆಪರೇಶನ್ ಆಗಿದೆ. ಕಡಲ ದಂಡೆಯ ಮರಳು ತಂದು ಟಬ್ಬಿಗೆ ಹಾಕಿ ಬಾಲ್ಕನಿಯಲ್ಲಿ ಇಡುತ್ತಿದ್ದೆವು, ಒಂದು ದಿನವೂ ಹೊರಗೆ ಮಾಡಿದವನಲ್ಲ. ಈ ಮಳೆಗಾಲದಲ್ಲಿ ಎರಚಲು ಹೊಡೆದು ಮರಳು ಒಣಗಲೇ ಇಲ್ಲ. ಹಾಗಾಗಿ ಪರಿಮಳದ ಪ್ಯಾಕೆಟ್ ಲಿಟರ್ (ಮರಳಿನ ಬದಲು ಹಾಕುವ ಪುಡಿ), ಮುಚ್ಚಳವಿರುವ ಬಾಕ್ಸ್ ತಂದು ಒಳಗೆ ವಾಷಿಂಗ್ ಮಶಿನ್ ಪಕ್ಕ ಇಟ್ಟೆವು. ಜೂನ್‌ನಲ್ಲಿ ಮಗ ಬೈತಖೋಲ್ ಬಂದರಿನಿಂದ ಒಂದು ಮರಿಯನ್ನೂ ಎತ್ತಿಕೊಂಡು ಬಂದ, ಶೆಟ್ಲಿ ಅಂತ ಹೆಸರಿಟ್ಟಿದ್ದಾನೆ. ತಾಜಾ ಮೀನು ಸಿಗದ ಕಾಲವಾದ್ದರಿಂದ ಇಬ್ಬರಿಗೂ ಒಣಮೀನು, ಪ್ಯಾಕೆಟ್ಟಿನ ಕ್ಯಾಟ್ ಫುಡ್. ಈಗ ಮೂರು ವಾರದಿಂದ ಗುಂಡ ಸಂಡಾಸಿಗೆ ಮಾತ್ರ ಬಾಕ್ಸಿಗೆ ಹೋಗುತ್ತಾನೆ. ಉಚ್ಚೆಯೆಲ್ಲ ಹಾಸಿಗೆ, ಕಾಲೊರಸು, ಬಚ್ಚಲಿನ ಟೈಲ್ಸ್ ಮೇಲೆ. ಶುರುವಿನಲ್ಲಿ ಸ್ವಲ್ಪ ಸ್ವಲ್ಪವೇ ಹತ್ತಾರು ಸಲ ಮಾಡುತ್ತಿದ್ದ, ಒಮ್ಮೆ ಟೈಲ್ಸ್ ಮೇಲೆ ತಿಳಿ ಗುಲಾಬಿ ಬಣ್ಣ ಕಂಡಂತಾಯಿತು. ಈಗ ಹಾಸಿಗೆಯ ಮೇಲೆ ದೊಡ್ಡದಾಗಿಯೇ ಮಾಡುತ್ತಾನೆ. ಮರಿ ತಂದ ಸಿಟ್ಟಿಗೆ ಹಗೆ ತೀರಿಸುತ್ತಿದೆ, ಮೂಗು ಹಿಡಿದು ಅದರಲ್ಲೇ ಉಜ್ಜಿ, ಫಿನಾಯಿಲ್ ಹಾಕಿ ಅನ್ನುತ್ತಾರೆ ಅತ್ತೆ. ರಾತ್ರಿ ನೀರು ಇಡಬೇಡ ಅನ್ನುತ್ತಾರೆ ಯಜಮಾನರು. ಎಳನೀರು ಕುಡಿಸಿ ಅಂದರು ಪಕ್ಕದ ಮನೆಯವರು. ಮಗಳು ಚೊಚ್ಚಲ ಹೆರಿಗೆಗೆ ಬರುವವಳಿದ್ದಾಳೆ. ಅಷ್ಟರೊಳಗೆ ಸರಿಯಾಗದಿದ್ದರೆ ಸೇತುವೆ ದಾಟಿಸಿ ಸದಾಶಿವಗಡದ ಕಡೆ ಬಿಟ್ಟು ಬರುವ ಮಾತು ಮನೆಯಲ್ಲಿ ನಡೆದಿದೆ. ಇದು ರೋಗವೋ, ಸೊಕ್ಕೋ?

ಉತ್ತರ:

ಸೊಕ್ಕೂ ಅಲ್ಲ, ಹಗೆಯೂ ಅಲ್ಲ. ಇಷ್ಟುದ್ದದ ಪತ್ರದಲ್ಲಿ ನೀವು ಅರ್ಧ ಸಾಲಿನಲ್ಲಿ ದಾಟಿಹೋದ ಆ ತಿಳಿ ಗುಲಾಬಿ ಬಣ್ಣದ ಹತ್ತಿರವೇ ನಾನು ನಿಂತುಬಿಟ್ಟೆ. ಅದು ಬಹುಮಟ್ಟಿಗೆ ಉಚ್ಚೆಯಲ್ಲಿ ಬೆರೆತ ರಕ್ತ. ಸ್ವಲ್ಪ ಸ್ವಲ್ಪವೇ ಹತ್ತಾರು ಸಲ ಮಾಡುವುದು, ತಣ್ಣನೆಯ ನುಣುಪು ನೆಲ ಹುಡುಕಿಕೊಂಡು ಹೋಗುವುದು, ಜೊತೆಗೆ ರಕ್ತ. ಈ ಮೂರೂ ಸೇರಿದರೆ ನನ್ನ ಅನುಮಾನ ನೇರವಾಗಿ ಮೂತ್ರಕೋಶದ ಉರಿಯೂತದ ಮೇಲೆ ಹೋಗುತ್ತದೆ. ಡಬ್ಬ, ಮರಳು, ಮರಿ ಎಲ್ಲದರ ಮಾತು ಆಮೇಲೆ. ಮೊದಲು ಗುಂಡನನ್ನು ಪಶುವೈದ್ಯರಿಗೆ ತೋರಿಸಿ. ಈಗ ದೊಡ್ಡದಾಗಿಯೇ ಮಾಡುತ್ತಾನಲ್ಲ ಎಂದು ಮುಂದೂಡಬೇಡಿ.

ಇಷ್ಟು ಅವಸರ ಯಾಕೆಂದರೆ ಅವನು ಗಂಡು. ಹೆಣ್ಣು ಬೆಕ್ಕಿನ ಮೂತ್ರನಾಳ ಗಿಡ್ಡ, ಅಗಲ. ಗಂಡಿನದು ಉದ್ದ, ತುದಿಗೆ ಹೋಗುತ್ತ ತೀರಾ ಸಪೂರ. ಮೂತ್ರಕೋಶದ ಒಳಪದರ ಊದಿದಾಗ ಬರುವ ಲೋಳೆ, ಅದರೊಳಗೆ ಸಿಕ್ಕಿಕೊಂಡ ಸಣ್ಣ ಹರಳು ಎಲ್ಲ ಸೇರಿ ಆ ತುದಿಯಲ್ಲಿ ಅಡ್ಡ ಕೂತುಬಿಡುತ್ತವೆ. ಉಚ್ಚೆ ಕಟ್ಟಿತೆಂದರೆ ಹೊರಗೆ ಹೋಗಬೇಕಾದ ಕಲ್ಮಶ ರಕ್ತದಲ್ಲೇ ಉಳಿಯುತ್ತದೆ, ಪೊಟ್ಯಾಶಿಯಂ ಏರಿ ಹೃದಯದ ಬಡಿತ ತಪ್ಪುತ್ತದೆ. ಪೂರ್ತಿ ಕಟ್ಟಿಕೊಂಡ ಬೆಕ್ಕು 24ರಿಂದ 48 ಗಂಟೆಯೊಳಗೆ ತೀರಿಕೊಳ್ಳಬಹುದು.

ಗುರುತು ಹೀಗಿರುತ್ತದೆ: ಮತ್ತೆ ಮತ್ತೆ ಕುಕ್ಕರುಗಾಲಲ್ಲಿ ಕೂರುತ್ತದೆ, ತಿಣುಕುತ್ತದೆ, ಒಂದು ಹನಿಯೂ ಬೀಳುವುದಿಲ್ಲ. ಹಿಂಭಾಗ ನೆಕ್ಕಿಕೊಳ್ಳುತ್ತಲೇ ಇರುತ್ತದೆ. ಊಟ ಬಿಡುತ್ತದೆ, ವಾಂತಿ ಮಾಡುತ್ತದೆ, ಮಂಚದ ಕೆಳಗೆ ಹೋಗಿ ಕೂರುತ್ತದೆ. ಹಿಂಗಾಲಿನ ಮುಂದೆ ಹೊಟ್ಟೆಯ ಕೆಳಗೆ ಮೆಲ್ಲಗೆ ಅಂಗೈ ಇಟ್ಟರೆ ಗಟ್ಟಿ ಉಂಡೆ ಕೈಗೆ ಸಿಗುತ್ತದೆ, ಮುಟ್ಟಿದರೆ ಗುರ್ ಎನ್ನುತ್ತದೆ. ಅದನ್ನು ಹಿಚುಕಿ ಉಚ್ಚೆ ತೆಗೆಯಲು ಹೋಗಬೇಡಿ, ಮೂತ್ರಕೋಶ ಒಡೆದೀತು. ತಿಣುಕುವುದನ್ನು ನೋಡಿ ಮಲಬದ್ಧತೆ ಎಂದುಕೊಂಡು ಹರಳೆಣ್ಣೆ ಕುಡಿಸಿ ಎರಡು ದಿನ ಕಳೆದು ಬರುವವರು ನನ್ನ ಮೇಜಿನ ಮುಂದೆ ಎಷ್ಟೋ ಜನ ನಿಂತಿದ್ದಾರೆ. ಆ ಎರಡು ದಿನ ತಿರುಗಿ ಸಿಗುವುದಿಲ್ಲ.

ಪಕ್ಕದ ಮನೆಯವರ ಎಳನೀರಿನ ಮಾತನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ನಮ್ಮ ಕರಾವಳಿಯಲ್ಲಿ ಉರಿಮೂತ್ರಕ್ಕೆ ಮನುಷ್ಯರಿಗೆ ಕೊಡುವ ಮೊದಲ ಮದ್ದು ಅದೇ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ಎಳನೀರಿನಲ್ಲಿ ಪೊಟ್ಯಾಶಿಯಂ ಧಾರಾಳವಾಗಿದೆ. ಉಚ್ಚೆ ಕಟ್ಟಿದ ಬೆಕ್ಕಿನ ಜೀವ ತೆಗೆಯುವುದೂ ಅದೇ ಪೊಟ್ಯಾಶಿಯಂ. ಸಿರಿಂಜಿನಲ್ಲಿ ಒತ್ತಾಯಕ್ಕೆ ಕುಡಿಸಿದರೆ ಶ್ವಾಸಕೋಶಕ್ಕೆ ಹೋಗುವ ಅಪಾಯ ಬೇರೆ. ಅಂಗಡಿಯಿಂದ ತಂದ ಉಚ್ಚೆ ಇಳಿಯುವ ಮಾತ್ರೆಯೂ ಬೇಡ, ದಾರಿ ಮುಚ್ಚಿದಾಗ ಒಳಗೆ ಇನ್ನಷ್ಟು ತುಂಬಿಸಿ ಏನು ಫಲ? ನೋವಿಗೆಂದು ಪ್ಯಾರಾಸಿಟಮಾಲ್ ಅಂತೂ ಕನಸಿನಲ್ಲೂ ಬೇಡ. ನಮಗೆ ಜ್ವರ ಇಳಿಸುವ ಒಂದು ಮಾತ್ರೆ ಬೆಕ್ಕನ್ನು ಕೊಲ್ಲುತ್ತದೆ. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ.

ನಮ್ಮ ಊರಿನ ಮಟ್ಟಿಗೆ ಇನ್ನೊಂದು ಮಾತು. ಅರಿವಳಿಕೆ ಕೊಟ್ಟು ಕ್ಯಾಥೆಟರ್ (ಉಚ್ಚೆ ತೆಗೆಯುವ ಸಣ್ಣ ಕೊಳವೆ) ಹಾಕಿ, ಡ್ರಿಪ್ ಮೇಲೆ ಎರಡು ಮೂರು ದಿನ ಇರಿಸಿಕೊಳ್ಳುವ ಸೌಕರ್ಯ ನಮ್ಮ ಜಿಲ್ಲೆಯಲ್ಲಿ ಎಲ್ಲೆಡೆ ಸಿಗುವುದಿಲ್ಲ. ಕಾರವಾರದವರು ಮಡಗಾಂವಿಗೋ ಹುಬ್ಬಳ್ಳಿಗೋ ಓಡುತ್ತಾರೆ. ಈ ಮಳೆಯಲ್ಲಿ ಅರಬೈಲ್ ಘಟ್ಟದಲ್ಲಿ ಮಣ್ಣು ಕುಸಿದರೆ ಹುಬ್ಬಳ್ಳಿ ದಾರಿ ಬಂದ್. ಹಾಗಾಗಿ ಹತ್ತಿರದಲ್ಲಿ ಯಾರು ಕ್ಯಾಥೆಟರ್ ಹಾಕುತ್ತಾರೆ, ರಾತ್ರಿ ಫೋನ್ ಎತ್ತುತ್ತಾರೆಯೇ ಎಂದು ಇವತ್ತೇ ವಿಚಾರಿಸಿ ನಂಬರ್ ಬರೆದಿಟ್ಟುಕೊಳ್ಳಿ. ಬೇಕಾಗಿ ಬರದಿರಲಿ.

ಈಗ ರೋಗದ ವಿಷಯ. ಗುಂಡನ ವಯಸ್ಸಿನ ಬೆಕ್ಕಿಗೆ ಹೀಗಾದರೆ ನಮ್ಮ ಜನ ಮೊದಲು ಕೇಳುವುದು ಇನ್ಫೆಕ್ಷನ್ನಾ ಡಾಕ್ಟರೇ, ಆಂಟಿಬಯೋಟಿಕ್ ಕೊಡ್ತೀರಾ ಅಂತ. ಎಳೆ ಮತ್ತು ನಡುವಯಸ್ಸಿನ ಬೆಕ್ಕುಗಳಲ್ಲಿ ಬ್ಯಾಕ್ಟೀರಿಯಾ ಸೋಂಕು ಕಡಿಮೆ. ಅದು ಹೆಚ್ಚು ಕಾಣುವುದು ವಯಸ್ಸಾದ ಬೆಕ್ಕುಗಳಲ್ಲಿ, ಅದರಲ್ಲೂ ಹೆಣ್ಣುಗಳಲ್ಲಿ, ಕಿಡ್ನಿ ದುರ್ಬಲವಾದ ಅಥವಾ ಸಕ್ಕರೆ ಕಾಯಿಲೆಯಿರುವ ಬೆಕ್ಕುಗಳಲ್ಲಿ. ಇವನ ವಯಸ್ಸಿನಲ್ಲಿ ಹೆಚ್ಚಾಗಿ ಸಿಗುವುದು ಕಾರಣ ಇಂಥದ್ದೇ ಎಂದು ಬೊಟ್ಟುಮಾಡಲಾಗದ ಮೂತ್ರಕೋಶದ ಉರಿಯೂತ. ಅದರ ಹಿಂದೆ ಮಾನಸಿಕ ಒತ್ತಡದ ಕೈವಾಡ ದೊಡ್ಡದು. ಬೆಕ್ಕಿನ ದಿನಚರಿ ಕೆಟ್ಟರೆ, ಹೊಸ ಪ್ರಾಣಿ ಬಂದರೆ, ತನ್ನ ಜಾಗ ಕೈತಪ್ಪಿದರೆ ಅದರ ಏಟು ಮೂತ್ರಕೋಶದ ಒಳಪದರದ ಮೇಲೆ ಬೀಳುತ್ತದೆ. ಈ ಉರಿಯೂತ ಎಷ್ಟೋ ಸಲ ಒಂದು ವಾರದ ಆಚೀಚೆ ತಾನೇ ತಗ್ಗುತ್ತದೆ, ಕಾರಣ ಹಾಗೇ ಉಳಿದರೆ ಮತ್ತೆ ಬರುತ್ತದೆ. ಆಂಟಿಬಯೋಟಿಕ್ ಕೊಟ್ಟು ವಾರದಲ್ಲಿ ಗುಣವಾದಾಗ ಹೆಸರು ಔಷಧಿಗೆ ಬರುವುದು ಇದರಿಂದಲೇ. ಹಾಗೆಂದು ನೀವು ಮನೆಯಲ್ಲೇ ಕುಳಿತು ಇದು ಅದೇ ಎಂದು ತೀರ್ಮಾನಿಸುವಂತಿಲ್ಲ. ಉಚ್ಚೆ ಪರೀಕ್ಷೆ ಮಾಡಿಸಬೇಕು, ಹರಳು ಕಲ್ಲಿನ ಅನುಮಾನ ಬಂದರೆ ಎಕ್ಸ್‌ರೇ ಅಥವಾ ಸ್ಕ್ಯಾನ್. ಕಲ್ಲುಗಳಲ್ಲೂ ಜಾತಿಯಿದೆ. ಸ್ಟ್ರುವೈಟ್ ಎಂಬುದು ಪಥ್ಯದ ಆಹಾರಕ್ಕೆ ಕರಗುತ್ತದೆ, ಆಕ್ಸಲೇಟ್ ಕರಗುವುದಿಲ್ಲ, ತೆಗೆಸಬೇಕಾಗುತ್ತದೆ.

ಆಪರೇಶನ್ ಮಾಡಿಸಿದ್ದಕ್ಕೇ ನಾಳ ಸಣ್ಣದಾಗಿ ಹೀಗಾಯಿತು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ನಿಜವಲ್ಲ. ಆಪರೇಶನ್ ಆದ ಮೇಲೆ ಬೆಕ್ಕು ಮೈ ಬಿಟ್ಟು, ಓಡಾಟ ಕಡಿಮೆ ಮಾಡಿ, ಇಡೀ ದಿನ ಸೋಫಾದ ಮೇಲೆ ಬಿದ್ದುಕೊಳ್ಳುತ್ತದಲ್ಲ, ತೊಂದರೆ ಅಲ್ಲಿದೆ. ಹೆಸರಿಗೆ ತಕ್ಕಂತೆ ಗುಂಡ ದಪ್ಪಗಿದ್ದಾನೆಯೇ ಎಂದು ನೀವು ಬರೆದಿಲ್ಲ. ತೂಕ ನೋಡಿಸಿ.

ಈಗ ಅತ್ತೆಯವರ ಮಾತಿಗೆ ಬರೋಣ. ಮರಿ ಬಂದದ್ದಕ್ಕೂ ಇದಕ್ಕೂ ನಂಟಿದೆ ಎಂದು ಅವರು ಗುರುತಿಸಿದ್ದು ಸರಿ. ಹಗೆ ಎಂಬ ತೀರ್ಪು ಮಾತ್ರ ತಪ್ಪು. ಇಲ್ಲಿ ಮಾಡಿದರೆ ಇವರಿಗೆ ಬೇಜಾರಾಗುತ್ತದೆ ಎಂದು ಮುಂದಾಲೋಚಿಸಿ ಹಾಸಿಗೆ ಆರಿಸಿಕೊಳ್ಳುವ ಬುದ್ಧಿ ಬೆಕ್ಕಿಗಿಲ್ಲ. ನಡೆದದ್ದನ್ನು ಹೀಗೆ ನೋಡಿ: ಮೂತ್ರಕೋಶ ಉರಿಯುತ್ತಿರುವ ಹೊತ್ತಿಗೆ ಅವನು ಹೊಸ ಬಾಕ್ಸಿಗೆ ಹೋದ, ಅಲ್ಲಿ ಕೂತು ಉಚ್ಚೆ ಮಾಡಿದಾಗ ನೋವಾಯಿತು. ನೋವಿಗೂ ಬಾಕ್ಸಿಗೂ ಗಂಟು ಬಿತ್ತು. ಮೆತ್ತಗೆ ಹೀರಿಕೊಳ್ಳುವ ಹಾಸಿಗೆಯ ಮೇಲೆ ಮಾಡಿದಾಗ ಅಷ್ಟು ನೋಯಲಿಲ್ಲ. ಉರಿ ಇಳಿದ ಮೇಲೂ ಆ ನೆನಪು ಉಳಿಯಿತು. ಸಂಡಾಸಿಗೆ ಬಾಕ್ಸಿಗೇ ಹೋಗಿ ಉಚ್ಚೆಗೆ ಮಾತ್ರ ಬೇರೆ ಜಾಗ ಹುಡುಕುವುದಕ್ಕೆ ಇದಕ್ಕಿಂತ ಸರಳ ವಿವರಣೆ ನನಗೆ ಕಾಣುವುದಿಲ್ಲ. ಮೂಗು ಉಜ್ಜಿದರೆ ಅವನು ಕಲಿಯುವುದು ಒಂದೇ: ನೀವಿರುವಾಗ ಉಚ್ಚೆ ಮಾಡುವುದು ಅಪಾಯ. ಆಮೇಲೆ ಕಪಾಟಿನ ಹಿಂದೆ, ಅಕ್ಕಿ ಡಬ್ಬದ ಸಂದಿಯಲ್ಲಿ ಮಾಡುತ್ತಾನೆ, ನಿಮಗೆ ಗೊತ್ತಾಗುವಷ್ಟರಲ್ಲಿ ವಾರ ಕಳೆದಿರುತ್ತದೆ.

ಗಂಡು ಬೆಕ್ಕು ಗುರುತು ಹಾಕುವುದೂ ಒಂದು ಇದೆ. ಅದು ನಿಂತು, ಬಾಲ ನೆಟ್ಟಗೆ ಮಾಡಿ ತುದಿ ನಡುಗಿಸುತ್ತ ಗೋಡೆಗೋ ಬಾಗಿಲಿಗೋ ಚಿಮ್ಮಿಸುವುದು. ಆಪರೇಶನ್ ಆದ ಗಂಡುಗಳಲ್ಲಿ ಹತ್ತರಲ್ಲಿ ಒಂಬತ್ತು ಅದನ್ನು ಬಿಡುತ್ತವೆ. ನಿಮ್ಮಲ್ಲಿ ಎಲ್ಲವೂ ನೆಲ, ಹಾಸಿಗೆಯ ಮೇಲೆ. ಆ ದಾರಿ ಬಿಟ್ಟುಬಿಡಿ.

ವೈದ್ಯರು ನೋಡಿ ಮದ್ದು ಶುರುವಾದ ಮೇಲೆ ಬಾಕ್ಸಿನ ಕೆಲಸ. ಒಂದು ಸಂಜೆ ಸುಮ್ಮನೆ ದೂರ ಕೂತು ಗುಂಡ ಸಂಡಾಸಿಗೆ ಹೋಗುವುದನ್ನು ನೋಡಿ. ಮರಳು ಒಪ್ಪಿಗೆಯಾದ ಬೆಕ್ಕು ಒಳಗಿಳಿದು ಮೂಸಿ, ಗುಂಡಿ ತೋಡಿ, ಮಾಡಿ, ತಿರುಗಿ ನಿಂತು ಮುಚ್ಚುತ್ತದೆ. ಒಪ್ಪಿಗೆಯಿಲ್ಲದ ಬೆಕ್ಕು ಮುಂಗಾಲು ಎರಡನ್ನೂ ಬಾಕ್ಸಿನ ಅಂಚಿನ ಮೇಲಿಟ್ಟು ಬ್ಯಾಲೆನ್ಸ್ ಮಾಡುತ್ತದೆ, ಕಾಲಿಗೆ ಮರಳು ತಾಗದಿರಲೆಂದು. ತೋಡುವುದಿಲ್ಲ. ಮುಚ್ಚಿದಂತೆ ಮಾಡಿ ಪ್ಲಾಸ್ಟಿಕ್ ಗೋಡೆಯನ್ನೋ ಪಕ್ಕದ ನೆಲವನ್ನೋ ಪರಚುತ್ತದೆ, ಹಾರಿ ಹೊರಬಿದ್ದು ಪಂಜ ಕೊಡವುತ್ತದೆ. ಹೀಗೆ ಕಂಡರೆ ನಿಮ್ಮ ಪರಿಮಳದ ಪ್ಯಾಕೆಟ್ ಅಲ್ಲಿಗೆ ಫೇಲಾಯಿತು ಎಂದು ತಿಳಿಯಿರಿ. ಲ್ಯಾವೆಂಡರ್ ವಾಸನೆ ಬೆಕ್ಕಿಗಾಗಿ ಹಾಕಿದ್ದಲ್ಲ, ದುಡ್ಡು ಕೊಡುವವರಿಗಾಗಿ ಹಾಕಿದ್ದು. ನಮಗೆ ಹಿತವಾದ ಪರಿಮಳ ಮುಚ್ಚಿದ ಬಾಕ್ಸಿನೊಳಗೆ ಅದರ ಮೂಗಿಗೆ ಹೊಡೆಯುತ್ತದೆ.

ಬೆಕ್ಕಿನ ಮೂಲ ಒಣನಾಡು. ಪಶ್ಚಿಮ ಏಷ್ಯಾ, ಉತ್ತರ ಆಫ್ರಿಕಾದ ಕಾಡುಬೆಕ್ಕಿನ ಸಂತತಿ ಅದು. ಕೆದರಲು ಬರುವ ಸಣ್ಣ ಕಣದ ಒಣ ಮರಳು ಅದಕ್ಕೆ ಹುಟ್ಟಿನಿಂದಲೇ ಇಷ್ಟ. ನಮ್ಮ ಜಿಲ್ಲೆಯ ಮಳೆಗಾಲದಲ್ಲಿ ಒಣಗಿದ್ದು ಅಂತ ಏನು ಉಳಿಯುತ್ತದೆ ಹೇಳಿ! ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ ಲಿಟರ್ ಬಾಕ್ಸಿನ ಸುದ್ದಿಯೇ ಇಲ್ಲ, ಬೆಕ್ಕು ತೋಟಕ್ಕಿಳಿದು ಕೆಲಸ ಮುಗಿಸಿ ಬರುತ್ತದೆ. ಆದರೆ ಆಷಾಢ ಬಂತೆಂದರೆ ಅದೇ ಬೆಕ್ಕು ಬಚ್ಚಲ ಒಲೆಯ ಬೂದಿ, ಕೊಟ್ಟಿಗೆಗೆ ಹಾಕಲು ಕೂಡಿಟ್ಟ ದರಕಿನ (ಒಣಎಲೆಯ) ರಾಶಿ, ಅಟ್ಟದ ಮೇಲಿನ ಅಡಿಕೆ ಚೀಲ ಹುಡುಕುತ್ತದೆ. ಅಡಿಕೆ ಚೀಲಕ್ಕೆ ಬಂದಾಗ ಮಾತ್ರ ನನಗೆ ಫೋನ್ ಬರುತ್ತದೆ. ಅದೇ ಮಳೆ ನಿಮ್ಮ ಮನೆಯಲ್ಲಿ ಮರಳು, ಬಾಕ್ಸು, ಜಾಗ, ಆಹಾರ ನಾಲ್ಕನ್ನೂ ಒಟ್ಟಿಗೆ ಬದಲಿಸಿದೆ. ಮೇಲೊಂದು ಮರಿ. ಇವುಗಳಲ್ಲಿ ಯಾವುದು ಗುಂಡನಿಗೆ ಆಗಲಿಲ್ಲ ಎಂದು ಕಾಗದ ಓದಿ ನಾನು ಹೇಳಲಾರೆ. ಅವನನ್ನೇ ಕೇಳಬೇಕು.

ಕೇಳುವ ಬಗೆ ಇದು. ಬಟ್ಟೆ ನೆನೆಸುವ ಅಗಲದ ಪ್ಲಾಸ್ಟಿಕ್ ಟಬ್ ಎರಡು ತನ್ನಿ. ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟಾದರೂ ಉದ್ದವಿರಲಿ, ಮುಚ್ಚಳ ಬೇಡ. ಒಂದರಲ್ಲಿ ಅವನು ಮೊದಲಿನಿಂದ ಬಲ್ಲ ಮರಳು, ಇನ್ನೊಂದರಲ್ಲಿ ಪರಿಮಳವಿಲ್ಲದ, ಒದ್ದೆಯಾದರೆ ಗಟ್ಟಿಯಾಗುವ ಸಣ್ಣ ಕಣದ ಲಿಟರ್, ಮೂರು ನಾಲ್ಕು ಸೆಂಟಿಮೀಟರ್ ದಪ್ಪ. ಎರಡನ್ನೂ ಅಕ್ಕಪಕ್ಕ ಇಟ್ಟು ಒಂದು ವಾರ ನೋಡಿ. ಈಗಿನ ಬಾಕ್ಸನ್ನು ಒಮ್ಮೆಗೇ ತೆಗೆಯಬೇಡಿ, ಸಂಡಾಸಿಗಾದರೂ ಅದನ್ನು ಒಪ್ಪಿಕೊಂಡಿದ್ದಾನೆ. ಮುಚ್ಚಳ ಮಾತ್ರ ತೆಗೆದಿಡಿ. ಮುಚ್ಚಿದ ಬಾಕ್ಸೇ ಇಷ್ಟಪಡುವ ಬೆಕ್ಕುಗಳೂ ಇವೆ, ಐದು ವರ್ಷ ತೆರೆದ ಟಬ್ಬಿನಲ್ಲಿ ಬೆಳೆದ ಗುಂಡ ಅಂಥವನಿರಲಿಕ್ಕಿಲ್ಲ.

ಕಡಲ ಮರಳಿನ ಬಗ್ಗೆ ಒಂದು ಮಾತು. ಅದರಲ್ಲಿ ಉಪ್ಪಿನಂಶ ಇರುವುದರಿಂದ ಮಳೆಗಾಲದ ಗಾಳಿಯ ತೇವ ಎಳೆದುಕೊಂಡು ಅಂಟುತ್ತದೆ, ಸೀದಾ ದಂಡೆಯಿಂದ ತಂದರೆ ಬೀದಿನಾಯಿಗಳ ಹೊಲಸೂ ಜೊತೆಗೆ ಬರುತ್ತದೆ. ಮುಂದಿನ ವರ್ಷಕ್ಕಾದರೂ ಏಪ್ರಿಲ್, ಮೇ ತಿಂಗಳಲ್ಲೇ ಮರಳನ್ನು ಸಿಹಿನೀರಿನಲ್ಲಿ ಎರಡು ಸಲ ತೊಳೆದು, ತಾಡಪಾಲಿನ ಮೇಲೆ ಬಿಸಿಲಿಗೆ ಹರವಿ, ಮುಚ್ಚಳವಿರುವ ಡ್ರಮ್ಮಿನಲ್ಲಿ ತುಂಬಿಡಿ. ಮೀನು ಒಣಗಿಸುವ ಬಿಸಿಲಿಗೇ ಇದೂ ಆಗುತ್ತದೆ. ಮರದ ಮಿಲ್ಲಿನ ಹೊಟ್ಟು ಅಗ್ಗಕ್ಕೆ ಸಿಗುತ್ತದೆ, ಕೆಲವು ಬೆಕ್ಕುಗಳು ಒಪ್ಪುತ್ತವೆ, ಆದರೆ ತೀರಾ ಪುಡಿಯಾದರೆ ಮೂಗಿಗೆ ಹೋಗಿ ಸೀನು ಬರಿಸುತ್ತದೆ. ಬೂದಿ ಬೇಡ, ಒದ್ದೆಯಾದರೆ ಪಾದ ಸುಡುತ್ತದೆ.

ಜಾಗ. ವಾಷಿಂಗ್ ಮಶಿನ್ ಪಕ್ಕ ಎಂದು ಓದಿದಾಗಲೇ ತಲೆ ಅಲ್ಲಾಡಿಸಿದೆ. ಬೆಕ್ಕು ಕೂತಿರುವಾಗ ಮಶಿನ್ ನೀರು ಹಿಂಡಲು ಶುರುಮಾಡಿತೋ, ಒಂದೇ ಸಲ ಸಾಕು. ಅದಕ್ಕಿಂತ ಮುಖ್ಯವಾದದ್ದು, ಅಂಥ ಮೂಲೆಗೆ ಸಾಮಾನ್ಯವಾಗಿ ಒಂದೇ ದಾರಿ. ಗುಂಡ ಒಳಗೆ ಕೂತಾಗ ಶೆಟ್ಲಿ ಬಾಗಿಲಲ್ಲಿ ಹೊಂಚುಹಾಕಿ ಮೇಲೆ ಹಾರುತ್ತದೆಯೇ ನೋಡಿ. ಮರಿಗೆ ಚೆಲ್ಲಾಟ, ಗುಂಡನಿಗೆ ಪ್ರಾಣಸಂಕಟ. ಎರಡು ಕಡೆಗೂ ತಪ್ಪಿಸಿಕೊಳ್ಳಲು ದಾರಿಯಿರುವ, ಜನರ ಓಡಾಟ ಕಡಿಮೆಯಿರುವ, ಊಟದ ತಟ್ಟೆಯಿಂದ ದೂರದ ಜಾಗ ಬೇಕು. ಬೆಕ್ಕುಗಳ ಸಂಖ್ಯೆಗಿಂತ ಒಂದು ಬಾಕ್ಸ್ ಹೆಚ್ಚಿರಬೇಕು ಎನ್ನುವುದು ನಾವು ಹೇಳುವ ಲೆಕ್ಕ. ನಿಮ್ಮಲ್ಲಿ ಎರಡು ಬೆಕ್ಕು, ಅಂದರೆ ಮೂರು. ಫ್ಲ್ಯಾಟಿನಲ್ಲಿ ಮೂರು ಎಂದರೆ ಮನೆಯವರು ಮುಖ ಸಿಂಡರಿಸುತ್ತಾರೆ, ನನಗೂ ಗೊತ್ತು. ಎರಡು ತಿಂಗಳ ಮಟ್ಟಿಗೆ ಸಹಿಸಿಕೊಳ್ಳಿ, ಆಮೇಲೆ ಬೇಡವಾದದ್ದನ್ನು ಬೆಕ್ಕುಗಳೇ ಬಳಸದೆ ಬಿಡುತ್ತವೆ. ಮೂರನ್ನೂ ಒಂದೇ ಮೂಲೆಯಲ್ಲಿ ಸಾಲಾಗಿ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ. ಎರಡಾದರೂ ಬೇರೆ ಬೇರೆ ಕಡೆ ಇರಲಿ, ಮರಳು ಯಾವುದೆಂದು ನೋಡುವ ಆ ಒಂದು ವಾರ ಬಿಟ್ಟು. ದಿನಕ್ಕೆ ಎರಡು ಸಲ ಗಲೀಜು ತೆಗೆದು, ವಾರಕ್ಕೊಮ್ಮೆ ಸೌಮ್ಯ ಸೋಪಿನಲ್ಲಿ ತೊಳೆದರಾಯಿತು.

ನಡುವೆ ನೆನಪಾಯಿತು. ಕುಮಟೆಯ ಕಡೆಯ ಒಂದು ಮನೆಯಲ್ಲಿ ವಯಸ್ಸಾದ ಹೆಣ್ಣು ಬೆಕ್ಕು ಟಬ್ಬಿನ ಹತ್ತಿರದವರೆಗೆ ಹೋಗಿ, ಪಕ್ಕದ ನೆಲದ ಮೇಲೇ ಮಾಡುತ್ತಿತ್ತು. ಮರಳು ಬದಲಿಸಿ, ಜಾಗ ಬದಲಿಸಿ ಸೋತಿದ್ದರು. ಅದಕ್ಕೆ ಕೀಲುನೋವು, ಎತ್ತರದ ಅಂಚು ದಾಟಲಾಗುತ್ತಿರಲಿಲ್ಲ. ಟಬ್ಬಿನ ಒಂದು ಬದಿಯನ್ನು ಗರಗಸದಲ್ಲಿ ಕೊಯ್ದು ತಗ್ಗು ಮಾಡಿಕೊಟ್ಟ ಮೇಲೆ ದೂರು ನಿಂತಿತು. ಐದು ವರ್ಷದ ಗುಂಡನಿಗೆ ಇದು ಬೇಡ, ಮನೆಯಲ್ಲಿ ಮುದಿ ಬೆಕ್ಕಿರುವ ಬೇರೆ ಓದುಗರಿಗಾಗಿ ಹೇಳಿದೆ.

ಫಿನಾಯಿಲ್ ಡಬ್ಬ ಇವತ್ತಿನಿಂದ ಬೆಕ್ಕಿನ ಕೈಗೆ ಸಿಗದ ಕಡೆ ಇರಲಿ. ಫಿನಾಯಿಲ್, ಡೆಟ್ಟಾಲಿನಂಥ ದ್ರವಗಳಲ್ಲಿರುವ ಫಿನಾಲ್ ಜಾತಿಯ ವಸ್ತುಗಳೂ ಪ್ಯಾರಾಸಿಟಮಾಲ್‌ನಂತೆ ಬೆಕ್ಕಿಗೆ ಅರಗುವುದಿಲ್ಲ. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೂ ಸಾಕು, ವಿಷ. ಮಳೆಗಾಲದಲ್ಲಿ ಬೀರುವಿನಲ್ಲಿಡುವ ನುಸಿಗುಳಿಗೆಯನ್ನು ಬೆಕ್ಕು ಓಡಿಸಲೆಂದು ಹಾಸಿಗೆಯ ಬುಡದಲ್ಲಿ ಇಡುವವರಿದ್ದಾರೆ, ಅದೂ ವಿಷವೇ. ಬ್ಲೀಚಿಂಗ್ ದ್ರವವನ್ನು ಉಚ್ಚೆಯ ಮೇಲೆ ಸುರಿದರೆ ಏಳುವ ಗಾಳಿ ನಿಮ್ಮ ಗಂಟಲನ್ನೇ ಹಿಡಿಯುತ್ತದೆ. ಉಚ್ಚೆಯ ವಾಸನೆ ಬರೀ ನೀರಿಗೆ ಪೂರ್ತಿ ಹೋಗುವುದಿಲ್ಲ. ಒಣಗಿದಾಗ ನಮಗೆ ವಾಸನೆ ಇರುವುದಿಲ್ಲ, ತೇವ ತಗುಲಿದೊಡನೆ ಮತ್ತೆ ಏಳುತ್ತದೆ. ನಮ್ಮ ಜುಲೈ ತಿಂಗಳಲ್ಲಿ ತೇವಕ್ಕೆ ಬರವೇ? ಆ ವಾಸನೆ ಗುಂಡನ ಪಾಲಿಗೆ ಇಲ್ಲೇ ಮಾಡು ಎನ್ನುವ ಬೋರ್ಡು. ಹಸಿಯಿರುವಾಗಲೇ ಹಳೆಬಟ್ಟೆ ಒತ್ತಿ ಹೀರಿಸಿ. ಎಂಜೈಮ್ ಇರುವ ಬಟ್ಟೆ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಹತ್ತು ಹದಿನೈದು ನಿಮಿಷ ನೆನೆಯಲು ಬಿಡಿ, ಆಮೇಲೆ ಚೆನ್ನಾಗಿ ತೊಳೆದು ಫ್ಯಾನಿನ ಕೆಳಗೆ ಒಣಗಿಸಿ. ಎಲ್ಲಿ ಮಾಡಿದ್ದಾನೆಂದು ಗೊತ್ತಾಗದಿದ್ದರೆ ರಾತ್ರಿ ದೀಪ ಆರಿಸಿ ಕಪ್ಪುಬೆಳಕಿನ (ಯುವಿ) ಸಣ್ಣ ಟಾರ್ಚ್ ಹಾಯಿಸಿದರೆ ಕಲೆ ಹೊಳೆದು ಕಾಣುತ್ತದೆ. ಹಾಸಿಗೆಯ ಮೇಲೆ ಸದ್ಯಕ್ಕೆ ರಬ್ಬರ್ ಶೀಟ್ ಹಾಸಿ, ಮಲಗುವ ಕೋಣೆಯ ಬಾಗಿಲು ಹಗಲಲ್ಲಿ ಮುಚ್ಚಿಡಿ.

ನೀರು ಇಡಬೇಡ ಎಂಬ ಯಜಮಾನರ ಉಪಾಯ ಪೂರ್ತಿ ತಿರುವುಮುರುವು. ನೀರು ಕಡಿಮೆಯಾದಷ್ಟೂ ಉಚ್ಚೆ ಮಂದವಾಗುತ್ತದೆ, ಹರಳು ಕಟ್ಟುತ್ತದೆ, ಉರಿ ಹೆಚ್ಚುತ್ತದೆ. ಒಣನಾಡಿನ ಪ್ರಾಣಿಯಾದ್ದರಿಂದ ಬೆಕ್ಕಿಗೆ ಬಾಯಾರಿಕೆಯೇ ಕಡಿಮೆ. ಅದಕ್ಕೆ ನೀರು ಸಿಗುವುದು ಬಹು ಪಾಲು ಆಹಾರದಿಂದ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಬಂಗಡೆ, ತಾರ್ಲೆ ಸಿಗದೆ ನೀವು ಒಣಮೀನಿಗೂ ಪ್ಯಾಕೆಟ್ಟಿಗೂ ಹೋದಿರಿ. ಎರಡೂ ಒಣಗಿದ್ದು, ಒಣಮೀನಿನಲ್ಲಿ ಉಪ್ಪು ಬೇರೆ. ಒಣಮೀನು ನಿಲ್ಲಿಸಿ. ಪ್ಯಾಕೆಟ್ ಆಹಾರ ಕೊಡುವುದಾದರೆ ಬಿಸಿನೀರಿನಲ್ಲಿ ನೆನೆಸಿ ಆರಿಸಿ ಕೊಡಿ, ಅಥವಾ ಒದ್ದೆ ಆಹಾರದ ಪೌಚ್ ತನ್ನಿ. ಹೊಳೆಮೀನೋ ಕೋಳಿಯೋ ಬೇಯಿಸುವ ದಿನ ಉಪ್ಪು, ಹುಳಿ, ಮೆಣಸು, ಈರುಳ್ಳಿ, ಬೆಳ್ಳುಳ್ಳಿ ಬೀಳುವ ಮೊದಲೇ ಒಂದು ಲೋಟ ಬೆಂದ ನೀರು ತೆಗೆದಿಡಿ, ಮುಳ್ಳು ಮೂಳೆ ಬಿಡಿಸಿದ ಮಾಂಸ ಸ್ವಲ್ಪ ಕಲಸಿ ಕೊಡಿ. ನೀರಿನ ಬಟ್ಟಲು ಊಟದ ತಟ್ಟೆಯ ಪಕ್ಕದಲ್ಲೇ ಬೇಡ, ಮನೆಯ ಎರಡು ಮೂರು ಕಡೆ ಅಗಲ ಬಾಯಿಯ ಸ್ಟೀಲ್ ಅಥವಾ ಪಿಂಗಾಣಿ ಬಟ್ಟಲಿರಲಿ. ಆಗಸ್ಟ್‌ನಲ್ಲಿ ಬಂದರು ತೆರೆದ ಮೇಲೂ ಬರೀ ಮೀನಿನ ಮೇಲೆ ಬೆಕ್ಕು ಸಾಕಬೇಡಿ. ಕೊಬ್ಬಿನ ಮೀನೊಂದನ್ನೇ ತಿಂದ ಬೆಕ್ಕಿಗೆ ಇ ಜೀವಸತ್ವ ಕಡಿಮೆಯಾಗಿ ಮೈಯ ಕೊಬ್ಬೇ ಊದಿ ನೋಯುವುದುಂಟು.

ಶೆಟ್ಲಿಯನ್ನು ಹಿಂದಕ್ಕೆ ಬಿಡಬೇಕಾಗಿಲ್ಲ, ಎರಡು ಮೂರು ವಾರ ಬೇರೆ ಕೋಣೆಯಲ್ಲಿಡಿ. ಇದರ ಬಟ್ಟೆ ಅದಕ್ಕೆ, ಅದರ ಬಟ್ಟೆ ಇದಕ್ಕೆ ಕೊಟ್ಟು ವಾಸನೆ ಪರಿಚಯ ಮಾಡಿಸಿ, ಮುಚ್ಚಿದ ಬಾಗಿಲಿನ ಎರಡೂ ಬದಿಯಲ್ಲಿ ಊಟ ಕೊಡಿ, ಆಮೇಲೆ ಸ್ವಲ್ಪ ಸ್ವಲ್ಪ ಬಾಗಿಲು ತೆರೆಯಿರಿ. ಗುಂಡನಿಗೆ ಮರಿ ಹತ್ತಲಾಗದ ಎತ್ತರದ ಒಂದು ಜಾಗ ಇರಲಿ, ಕಪಾಟಿನ ಮೇಲೊಂದು ಗೋಣಿತಟ್ಟು ಹಾಸಿದರೂ ನಡೆಯುತ್ತದೆ.

ಮಗಳ ವಿಷಯದಲ್ಲಿ ನಿಮ್ಮ ಮನೆಯವರ ಭಯ ಟೊಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯದ್ದಿರಬೇಕು. ಬಸುರಿಯರಿಗೆ ಅದು ಅಪಾಯವೆನ್ನುವುದು ನಿಜ, ಬೆಕ್ಕಿರುವ ಮನೆಗೆ ಕಾಲಿಡಬಾರದು ಎನ್ನುವುದು ಸುಳ್ಳು. ಬೆಕ್ಕು ಸಾಮಾನ್ಯವಾಗಿ ಮೊದಲ ಸಲ ಸೋಂಕು ತಗಲಿದಾಗ ಒಂದರಿಂದ ಮೂರು ವಾರ ಮಾತ್ರ ಅದರ ಮೊಟ್ಟೆಯಂಥ ಕಣಗಳನ್ನು ಮಲದಲ್ಲಿ ಬಿಡುತ್ತದೆ. ಆ ಕಣ ಸೋಂಕು ಹರಡುವಂತಾಗಲು ಒಂದರಿಂದ ಐದು ದಿನ ಬೇಕು, ಹಾಗಾಗಿ ದಿನವೂ ಬಾಕ್ಸ್ ತೆಗೆದರೆ ಅಪಾಯ ಬಹಳ ತಗ್ಗುತ್ತದೆ. ಮನೆಯೊಳಗೇ ಇದ್ದು ಬೇಯಿಸಿದ್ದು ತಿನ್ನುವ ಗುಂಡನಿಗಿಂತ ಬಂದರಿನಿಂದ ಬಂದ ಮರಿಯ ಮೇಲೆ ನನ್ನ ಕಣ್ಣು ಹೆಚ್ಚು. ಮಗಳು ಬಾಕ್ಸ್ ಮುಟ್ಟುವುದು ಬೇಡ, ಆ ಕೆಲಸ ಮರಿ ತಂದ ಮಗನಿಗಿರಲಿ. ಅರೆಬೆಂದ ಮಾಂಸ, ತೊಳೆಯದ ಸೊಪ್ಪು, ಕೈಗವಸಿಲ್ಲದೆ ಹೂಕುಂಡದ ಮಣ್ಣು ಮುಟ್ಟುವುದರಿಂದಲೂ ಇದು ಬರುತ್ತದೆ, ಅದನ್ನು ಯಾರೂ ಹೇಳುವುದಿಲ್ಲ. ರಕ್ತಪರೀಕ್ಷೆ ಬೇಕೇ ಎಂದು ಅವಳ ಹೆರಿಗೆ ಡಾಕ್ಟರನ್ನು ಕೇಳಿ.

ಸದಾಶಿವಗಡದ ಕಡೆ ಬಿಟ್ಟು ಬರುವುದನ್ನು ಆಯ್ಕೆ ಎಂದು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಐದು ವರ್ಷ ಫ್ಲ್ಯಾಟಿನಲ್ಲಿ ಬೆಳೆದ, ಮೂತ್ರಕೋಶ ಕೆಟ್ಟಿರುವ ಗಂಡು ಬೆಕ್ಕು ಮಳೆಯಲ್ಲಿ ಬೀದಿಗೆ ಬಿದ್ದರೆ ಉಚ್ಚೆ ಕಟ್ಟಿದ್ದನ್ನು ನೋಡುವವರೂ ಇರುವುದಿಲ್ಲ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಯಲ್ಲಿ ನರಳುವಂತೆ ಬಿಟ್ಟು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು. ಸಾಕಲು ಆಗುವುದೇ ಇಲ್ಲ ಎಂದಾದರೆ ಅವನ ಕಾಯಿಲೆಯ ವಿಷಯ ಮುಚ್ಚಿಡದೆ ಬೇರೆ ಮನೆ ಹುಡುಕಿ.

ಇಷ್ಟೆಲ್ಲ ಮಾಡಿ ತಿಂಗಳಾದರೂ ಸರಿಹೋಗದಿದ್ದರೆ ಒತ್ತಡ ತಗ್ಗಿಸುವ ಔಷಧಿಗಳಿವೆ, ಫ್ಲುಓಕ್ಸೆಟಿನ್, ಅಮಿಟ್ರಿಪ್ಟಿಲಿನ್ ಥರದವು. ಪರಿಣಾಮ ಕಾಣಲು ವಾರಗಳು ಬೇಕು. ಕೆಲವು ಬೆಕ್ಕು ಊಟ ಬಿಡುತ್ತವೆ, ಕೆಲವು ಮಂಕಾಗುತ್ತವೆ. ಥಟ್ಟನೆ ನಿಲ್ಲಿಸುವಂತಿಲ್ಲ, ರಕ್ತಪರೀಕ್ಷೆ ಮಾಡಿಸದೆ ಶುರುಮಾಡುವಂತೆಯೂ ಇಲ್ಲ. ಬಾಕ್ಸು, ಜಾಗ, ಮರಿ ಮೂರನ್ನೂ ಸರಿಪಡಿಸದೆ ಮಾತ್ರೆ ಬರೆದುಕೊಡಿ ಎಂದು ಕೇಳುವವರಿಗೆ ನಾನು ಬರೆಯುವುದಿಲ್ಲ. ಬೆಕ್ಕನ್ನು ಸಮಾಧಾನಪಡಿಸುವ ವಾಸನೆ ಬಿಡುವ, ಗೋಡೆಗೆ ಸಿಕ್ಕಿಸುವ ಫೆರೊಮೋನ್ ಯಂತ್ರದಿಂದ ಕೆಲವರಿಗೆ ಲಾಭವಾಗಿದೆ, ಹಲವರಿಗೆ ಇಲ್ಲ. ದುಬಾರಿ. ಆ ದುಡ್ಡಿನಲ್ಲಿ ಮೊದಲು ಟಬ್ಬು ತನ್ನಿ. ನಾಳ ಮತ್ತೆ ಮತ್ತೆ ಕಟ್ಟುವ ಬೆಕ್ಕಿಗೆ ಕೊನೆಯ ದಾರಿಯಾಗಿ ಸಪೂರ ತುದಿಯನ್ನೇ ತೆಗೆದು ದ್ವಾರ ಅಗಲ ಮಾಡುವ ಶಸ್ತ್ರಚಿಕಿತ್ಸೆ ಇದೆ. ಅದಾದ ಮೇಲೆ ಸೋಂಕು ತಗಲುವ ಸಂಭವ ಹೆಚ್ಚು.

ಆಸ್ಪತ್ರೆಗೆ ಹೋಗುವ ದಿನ ಉಚ್ಚೆಯ ಸ್ಯಾಂಪಲ್ ಒಯ್ಯಲಾದರೆ ಕೆಲಸ ಬೇಗ ಆಗುತ್ತದೆ. ತೊಳೆದು ಒಣಗಿಸಿದ ಟಬ್ಬಿಗೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ನುಣುಪು ಕಲ್ಲನ್ನು ಬಿಸಿನೀರಿನಲ್ಲಿ ತೊಳೆದು ಹಾಕಿ. ಅದು ಉಚ್ಚೆ ಹೀರುವುದಿಲ್ಲ. ಗುಂಡ ಮಾಡಿದೊಡನೆ ಸೂಜಿಯಿಲ್ಲದ ಸಿರಿಂಜಿನಲ್ಲಿ ಎಳೆದು ಶುಭ್ರ ಶೀಶೆಗೆ ಹಾಕಿ, ಹೊತ್ತು ಬರೆದು, ಆದಷ್ಟು ಬೇಗ ತಲುಪಿಸಿ. ತಡವಾಗುವುದಿದ್ದರೆ ಫ್ರಿಜ್ಜಿನಲ್ಲಿಡಿ. ಸೋಂಕಿನ ಪರೀಕ್ಷೆ ಬೇಕಾದರೆ ವೈದ್ಯರು ಸೂಜಿಯಿಂದ ನೇರ ಮೂತ್ರಕೋಶದಿಂದಲೇ ತೆಗೆಯುತ್ತಾರೆ, ಗಾಬರಿಯಾಗಬೇಡಿ. ಸ್ಯಾಂಪಲ್ ಸಿಗಲಿಲ್ಲವೆಂದು ಕಾಯುತ್ತ ಕೂರಬೇಡಿ. ಬರೀ ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿಕೊಂಡು ಹೋದರೂ ಆಯಿತು.